ಕೈತವ ಎಂಬ ಮಾತು

ಸಂತ ಪೌಲರು ಎಫೆಸಿಯರಿಗೆ ಬರೆದ ಪತ್ರದ 4ನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಐಕ್ಯದ ಅಧ್ಯಾಯವೆಂದು ನೆನೆಯುತ್ತೇವೆ. ಧರ್ಮಸಭೆ ಒಂದೇ ದೇಹವೆಂಬುದು ಅದರ ಮುಖ್ಯ ಬೋಧನೆ. ಅದೇ ಅಧ್ಯಾಯದ 14ನೆಯ ವಚನದಲ್ಲಿ, ವಿಶ್ವಾಸಿಗಳು ಅಲೆಗಳ ಹೊಡೆತಕ್ಕೆ ಸಿಕ್ಕ ಎಳೆಯರಂತೆ ಕಂಡಕಂಡ ಬೋಧನೆಯ ಗಾಳಿಗೆ ತೂರಾಡಬಾರದೆಂದು ಎಚ್ಚರಿಸುವಾಗ, ಮನುಷ್ಯರ ವಂಚನೆಯನ್ನು ಹೆಸರಿಸಲು ಅಪೊಸ್ತಲರು ಒಂದು ಅಪರೂಪದ ಪದವನ್ನು ಆರಿಸಿಕೊಳ್ಳುತ್ತಾರೆ. ಗ್ರೀಕ್ ಮೂಲದಲ್ಲಿ ಅದು 'ಕುಬೆಯಾ'. ಹೊಸ ಒಡಂಬಡಿಕೆಯಲ್ಲಿ ಈ ಪದ ಇನ್ನೆಲ್ಲಿಯೂ ಬರುವುದಿಲ್ಲ. ಅದರ ನೇರ ಅರ್ಥ ದಾಳದಾಟ.

ಭಾಷಾಂತರದಲ್ಲಿ ಈ ದಾಳ ಬಹುಪಾಲು ಕಳೆದುಹೋಗಿದೆ. ಲತೀನಿನ ವುಲ್ಗಾತ ಬೈಬಲು ಅಲ್ಲಿ ಕೇಡಿತನ ಎಂಬ ಅರ್ಥದ ಸಾಮಾನ್ಯ ಪದವೊಂದನ್ನು ಇಟ್ಟಿತು. 1611ರ ಇಂಗ್ಲಿಷ್ ಭಾಷಾಂತರಕಾರರು 'ಸ್ಲೈಟ್' ಎಂದು ಬರೆದರು. ನಮ್ಮ 'ಕೈಚಳಕ' ಎಂಬ ಮಾತಿಗೆ ಸಮೀಪವಾದ ಪದವದು, ಮೂಲದ ಆಟದ ವಾಸನೆಯನ್ನು ಒಂದಿಷ್ಟು ಉಳಿಸಿಕೊಂಡಿದೆ. ಕನ್ನಡದಲ್ಲಿ ಓದುವ ನಮಗೆ ಸಿಗುವುದು ವಂಚನೆ, ಕುಯುಕ್ತಿ ಎಂಬ ಅರ್ಥ ಮಾತ್ರ. ಅರ್ಥವೇನೋ ಸರಿಯಾಗಿಯೇ ಇದೆ. ಆದರೆ ಎಫೆಸದ ಬೀದಿಯಲ್ಲಿ ಪತ್ರವನ್ನು ಕೇಳಿಸಿಕೊಂಡವರ ಕಣ್ಣಮುಂದೆ ಒಂದು ಕೈ, ಕೈಯೊಳಗಿನ ದಾಳ, ಎದುರಿಗೆ ಕುಳಿತ ಅಮಾಯಕನ ಮುಖ ಇವೆಲ್ಲ ಒಮ್ಮೆಲೇ ಮೂಡಿರಬೇಕು.

ಆ ಪದ ಹುಟ್ಟಿದಾಗ ಅದರಲ್ಲಿ ದೋಷವೇನೂ ಇರಲಿಲ್ಲ. 'ಕುಬೋಸ್' ಎಂದರೆ ಆರು ಮುಖದ ದಾಳ. ಗಣಿತದಲ್ಲಿ ನಾವು ಘನವೆಂದು ಕರೆಯುವ ಆಕಾರಕ್ಕೆ ಇಂಗ್ಲಿಷಿನಲ್ಲಿರುವ 'ಕ್ಯೂಬ್' ಎಂಬ ಹೆಸರು ಬಂದದ್ದು ಅದರಿಂದಲೇ. ತತ್ವಜ್ಞಾನಿ ಪ್ಲೇಟೋ 'ಫೀಡ್ರಸ್' ಎಂಬ ತನ್ನ ಸಂವಾದದಲ್ಲಿ ಈಜಿಪ್ಟಿನ ದೇವತೆಯೊಬ್ಬ ಕಂಡುಹಿಡಿದ ವಿದ್ಯೆಗಳನ್ನು ಹೇಳುವಾಗ ಗಣಿತ, ಖಗೋಳ, ಬರವಣಿಗೆಗಳ ಸಾಲಿನಲ್ಲಿಯೇ ಕುಬೆಯಾವನ್ನೂ ಸೇರಿಸುತ್ತಾನೆ. ಕ್ರಿಸ್ತಪೂರ್ವ 49ರಲ್ಲಿ ಜೂಲಿಯಸ್ ಸೀಸರನು ರೂಬಿಕಾನ್ ನದಿಯನ್ನು ದಾಟುವಾಗ ದಾಳ ಎಸೆಯುವ ಮಾತನ್ನು ಗ್ರೀಕಿನಲ್ಲಿಯೇ ಆಡಿದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ಅಲ್ಲಿಯೂ ಇದೇ 'ಕುಬೋಸ್' ಇದೆ, ಅಲ್ಲಿಯೂ ಮೋಸದ ಸುಳಿವಿಲ್ಲ.

ಮೋಸ ನುಸುಳಿದ ಬಗೆಯನ್ನು ಊಹಿಸುವುದು ಕಷ್ಟವಲ್ಲ. ಅರಿಸ್ಟಾಟಲನ ನೀತಿಶಾಸ್ತ್ರದ ನಾಲ್ಕನೆಯ ಭಾಗದಲ್ಲಿ ಔದಾರ್ಯದ ಕುರಿತ ವಿವೇಚನೆಯ ನಡುವೆ ದಾಳದಾಟದವನು ದಾರಿಗಳ್ಳನ ಪಕ್ಕದಲ್ಲಿ ನಿಲ್ಲುತ್ತಾನೆ. ಇಬ್ಬರೂ ಹೀನ ಲಾಭಕ್ಕೆ ಕೈಯೊಡ್ಡುವವರು. ವ್ಯತ್ಯಾಸವಿಷ್ಟೇ: ಕಳ್ಳನು ಲೂಟಿಗಾಗಿ ಪ್ರಾಣಾಪಾಯವನ್ನಾದರೂ ಎದುರಿಸುತ್ತಾನೆ, ಜೂಜುಗಾರನು ತನ್ನ ಗೆಳೆಯರಿಂದಲೇ ಲಾಭ ಪಡೆಯುತ್ತಾನೆ, ಯಾರಿಗೆ ಕೊಡಬೇಕಾಗಿತ್ತೋ ಅವರಿಂದಲೇ ಕಿತ್ತುಕೊಳ್ಳುತ್ತಾನೆ. ಜೂಜಿನ ಕುರಿತು ಬರೆದ ಎಷ್ಟೋ ಉಪದೇಶಗಳಿಗಿಂತ ಈ ಒಂದು ಗಮನಿಕೆ ಹೆಚ್ಚು ಆಳವಾದುದೆಂದು ನನಗೆ ತೋರುತ್ತದೆ. ದಾಳದ ಹಾಸಿನ ಮೇಲೆ ಅಪರಿಚಿತರು ಕೂರುವುದು ಕಡಿಮೆ. ಜೊತೆಗೆ ಉಂಡವರೇ ಕೂರುತ್ತಾರೆ.

ಗ್ರೀಕರ ಈ ಪದವನ್ನು ಯೆಹೂದ್ಯರು ಹೀಬ್ರೂ ಭಾಷೆಗೆ 'ಕುಬ್ಯಾ' ಎಂದು ಎರವಲು ಪಡೆದರು. ಕ್ರಿಸ್ತಶಕ 200ರ ಸುಮಾರಿಗೆ ಸಂಗ್ರಹಗೊಂಡ ಮಿಷ್ನಾ ಎಂಬ ಯೆಹೂದ್ಯ ಧರ್ಮಶಾಸ್ತ್ರದಲ್ಲಿ, ನ್ಯಾಯಾಲಯದಲ್ಲಿ ಸಾಕ್ಷಿ ಹೇಳಲು ಅರ್ಹರಲ್ಲದವರ ಪಟ್ಟಿಯೊಂದಿದೆ. ಬಡ್ಡಿಗೆ ಸಾಲ ಕೊಡುವವರು, ಪಾರಿವಾಳಗಳ ಪಂದ್ಯ ಕಟ್ಟುವವರು ಮುಂತಾದವರ ಜೊತೆಗೆ ದಾಳವಾಡುವವನೂ ಅದರಲ್ಲಿದ್ದಾನೆ. ಕಾರಣವೇನೆಂದು ತಾಲ್ಮುದಿನ ಪಂಡಿತರು ಚರ್ಚಿಸುತ್ತಾರೆ. ಸೋತವನು ಮನಸಾರೆ ಹಣ ಬಿಟ್ಟುಕೊಟ್ಟಿರುವುದಿಲ್ಲ, ಗೆಲ್ಲುವೆನೆಂಬ ನೆಚ್ಚಿಕೆಯಿಂದ ಮಾತ್ರ ಪಣವಿಟ್ಟಿರುತ್ತಾನೆ, ಆದ್ದರಿಂದ ಅದನ್ನು ಪಡೆಯುವುದು ಒಂದು ಬಗೆಯ ದರೋಡೆ ಎಂದು ಒಬ್ಬರ ಮತ. ಇನ್ನೊಬ್ಬರ ಪ್ರಕಾರ, ಜಗತ್ತಿನ ಬಾಳುವೆಗೆ ನೆರವಾಗುವ ಯಾವ ಕೆಲಸವನ್ನೂ ಅವನು ಮಾಡುತ್ತಿಲ್ಲವೆಂಬುದೇ ದೋಷ. ಬೇರೆ ಕಸುಬು ಇದ್ದವನಾದರೆ ಸಾಕ್ಷಿ ಹೇಳಬಹುದೆಂದು ಮಿಷ್ನಾದಲ್ಲಿಯೇ ರಬ್ಬಿ ಯೆಹೂದಾ ಒಂದು ರಿಯಾಯಿತಿಯನ್ನೂ ಕೊಟ್ಟಿದ್ದಾರೆ. ಗಮಲಿಯೇಲನ ಪಾದದ ಬಳಿ ಕುಳಿತು ಕಲಿತ ಪೌಲರಿಗೆ ಯೆಹೂದ್ಯ ಧರ್ಮಶಾಸ್ತ್ರದ ಗಾಳಿಯೂ ಗ್ರೀಕ್ ಪಟ್ಟಣಗಳ ಗಾಳಿಯೂ ಒಟ್ಟಿಗೇ ತಾಕಿದ್ದವೆಂಬುದನ್ನು ನಾವು ಮರೆಯಬಾರದು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ದಾಳ ಉರುಳಿಸುವುದೇ ಪಾಪವೆಂದು ಧರ್ಮಸಭೆ ಎಂದೂ ಬೋಧಿಸಿಲ್ಲ. ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸುವಾಗ ಹನ್ನೊಂದು ಪ್ರೇಷಿತರು ಪ್ರಾರ್ಥಿಸಿ ಚೀಟಿ ಹಾಕಿದರೆಂದು ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯ ತಿಳಿಸುತ್ತದೆ. ಆ ಚೀಟಿಗೆ ಗ್ರೀಕಿನಲ್ಲಿ 'ಕ್ಲೇರೋಸ್' ಎಂದು ಹೆಸರು. ಯಾಜಕವರ್ಗವನ್ನು ಸೂಚಿಸುವ 'ಕ್ಲರ್ಜಿ' ಎಂಬ ಇಂಗ್ಲಿಷ್ ಪದವೂ ಅದರ ಮಗುವೇ. (ನಾವು ಗುರುಗಳು ಚೀಟಿಯೆತ್ತಿ ಬಂದವರೆಂದು ಯಾರಾದರೂ ನಕ್ಕರೆ ಭಾಷಾಶಾಸ್ತ್ರದ ಪ್ರಕಾರ ಅವರು ತಪ್ಪಲ್ಲ.) ಇಂದಿನ ಕಥೋಲಿಕ ಧರ್ಮೋಪದೇಶ ಗ್ರಂಥದ 2413ನೆಯ ಪರಿಚ್ಛೇದವೂ ಅದೃಷ್ಟದಾಟ ಸ್ವತಃ ನ್ಯಾಯಕ್ಕೆ ವಿರುದ್ಧವಲ್ಲವೆಂದೇ ಹೇಳುತ್ತದೆ. ಆದರೆ ಮನೆಮಂದಿಯ ಅಗತ್ಯಕ್ಕೆ ಬೇಕಾದುದನ್ನು ಅದು ಕಸಿಯುವಾಗ ಸಹಿಸಲಾಗದ್ದಾಗುತ್ತದೆ, ಅದರ ಗೀಳು ಮನುಷ್ಯನನ್ನು ದಾಸನನ್ನಾಗಿಸುವ ಅಪಾಯವಿದೆ. ಮತ್ತು ಆಟದಲ್ಲಿನ ಮೋಸ, ನಷ್ಟವು ತೀರ ಅಲ್ಪವಾಗಿದ್ದ ಹೊರತು, ಗಂಭೀರ ವಿಷಯವೇ ಆಗಿದೆ. ಹೀಗೆ ಕ್ಲೇರೋಸ್ ಬೇರೆ, ಕುಬೆಯಾ ಬೇರೆ. ಚೀಟಿ ಹಾಕುವವನು ಫಲಿತಾಂಶವನ್ನು ತನ್ನ ಕೈಯಿಂದ ಬಿಟ್ಟುಬಿಡುತ್ತಾನೆ. ಮೋಸದ ದಾಳಗಾರನು ಕೈಬಿಟ್ಟಂತೆ ಕಾಣಿಸಿಕೊಂಡು ಬಿಡದೆ ಇರುತ್ತಾನೆ.

ಇನ್ನು ನಮ್ಮ ನುಡಿಯ ಕಡೆಗೆ ಬರೋಣ, ಏಕೆಂದರೆ ಗ್ರೀಕರಲ್ಲಿ ನಡೆದ ಈ ಅರ್ಥಾಂತರ ಅವರ ಹಂಗಿಲ್ಲದೆ ಭಾರತದಲ್ಲಿಯೂ ನಡೆದಿದೆ. ಹಳೆಯ ಕಾವ್ಯಗಳನ್ನು ಓದಿದವರಿಗೆ 'ಕೈತವ' ಎಂಬ ಪದ ಪರಿಚಿತ. ನಿಘಂಟನ್ನು ತೆರೆದರೆ ಮೋಸ, ಕಪಟ, ನೆಪ ಎಂಬ ಅರ್ಥಗಳ ಜೊತೆಗೆ ಜೂಜು ಎಂಬ ಅರ್ಥವೂ ಸಿಗುತ್ತದೆ. ಅಲಂಕಾರಶಾಸ್ತ್ರದಲ್ಲಿ 'ಕೈತವಾಪಹ್ನುತಿ' ಎಂಬ ಒಂದು ಅಲಂಕಾರವೇ ಇದೆ: ಇರುವುದನ್ನು ನೆಪವೆಂದು ಮರೆಮಾಡಿ ಬೇರೊಂದನ್ನು ನಿಜವೆಂದು ತೋರುವ ಬಗೆ. ಕನ್ನಡಿಗನ ಕಿವಿಗೆ ಈ ಪದದ ಮೊದಲಲ್ಲಿ 'ಕೈ' ಕೇಳಿಸುತ್ತದೆ. ಕೈಚಳಕ, ಕೈವಾಡಗಳ ನೆಂಟನಂತೆ ಅದು ತೋರುತ್ತದೆ. ವಾಸ್ತವದಲ್ಲಿ ಆ ನೆಂಟಸ್ತಿಕೆ ಇಲ್ಲ. ಅದು ಸಂಸ್ಕೃತದ 'ಕಿತವ' ಎಂಬುದರಿಂದ ಬಂದ ಭಾವನಾಮ. ಕಿತವ ಎಂದರೆ ಜೂಜುಗಾರ. ಕಿತವನ ಗುಣ ಕೈತವ.

ಕಿತವನು ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತದಲ್ಲಿಯೇ ಕಾಣಿಸಿಕೊಳ್ಳುತ್ತಾನೆ. ಹೆಂಡತಿ ದೂರವಾಗಿ, ಅತ್ತೆ ದ್ವೇಷಿಸಿ, ಸಾಲಕ್ಕೆ ಹೆದರಿ ರಾತ್ರಿ ಪರರ ಮನೆಗೆ ನುಸುಳುವ ಒಬ್ಬ ಸೋತ ಮನುಷ್ಯನ ಅಳಲು ಅದು. ಕೊನೆಗೆ ದಾಳವನ್ನು ಬಿಟ್ಟು ಹೊಲ ಉಳು ಎಂಬ ಬುದ್ಧಿಮಾತು ಅವನಿಗೆ ಸಿಗುತ್ತದೆ. ಅಲ್ಲಿ ಕಿತವನು ಮೋಸಗಾರನಲ್ಲ, ಮೋಸಹೋದವನಂತಿದ್ದಾನೆ. ಅವನ ದಾಳಗಳು ಇಂದಿನ ಚುಕ್ಕೆಯ ದಾಳಗಳಲ್ಲ, ನಾವು ತಾರೆಕಾಯಿ ಎನ್ನುವ ಮರದ ಬೀಜಗಳು. ರಾಶಿಯಿಂದ ಹಿಡಿದ ಬೀಜಗಳ ಲೆಕ್ಕ ನಾಲ್ಕರಿಂದ ಶೇಷವಿಲ್ಲದೆ ಭಾಗವಾದರೆ ಗೆಲುವೆಂದು ವಿದ್ವಾಂಸರು ಆ ಆಟದ ಕ್ರಮವನ್ನು ಊಹಿಸಿದ್ದಾರೆ. ಅಂಥ ಆಟದಲ್ಲಿ ಬೀಜಕ್ಕೆ ಮೋಸ ಬೆರೆಸಲು ಆಸ್ಪದವೇ ಕಡಿಮೆ. ಇದ್ದುದೆಲ್ಲ ಕೈಯಲ್ಲಿ ಮತ್ತು ಎಣಿಕೆಯಲ್ಲಿ.

ಪದದ ಮೂಲವೇನು? ನಿರುಕ್ತಕಾರ ಯಾಸ್ಕನು ಒಂದು ಸೊಗಸಾದ ವಿವರಣೆ ಕೊಟ್ಟಿದ್ದಾನೆ. ಆಟದ ಹಾಸಿಗೆ ಬಂದವನನ್ನು ಮೊದಲು ಕೇಳುವ ಪ್ರಶ್ನೆ 'ಕಿಂ ತವ', ಅಂದರೆ ನಿನ್ನದೇನಿದೆ, ನಿನ್ನಲ್ಲೇನಿದೆ? ಆ ಕೂಗಿನ ಅನುಕರಣೆಯಿಂದಲೇ ಕಿತವ ಎಂಬ ಹೆಸರು ಬಂತಂತೆ. ಭಾಷಾವಿಜ್ಞಾನದ ತಕ್ಕಡಿಯಲ್ಲಿ ಈ ವ್ಯುತ್ಪತ್ತಿ ನಿಲ್ಲಲಾರದು. ಆದರೂ ಯಾಸ್ಕನು ಮನುಷ್ಯರನ್ನು ಚೆನ್ನಾಗಿ ಬಲ್ಲವನೆಂದು ಹೇಳದಿರಲಾಗುವುದಿಲ್ಲ. ನೀನು ಯಾರು, ಹೇಗಿದ್ದೀಯೆ ಎಂದು ಕೇಳದೆ ನಿನ್ನಲ್ಲೇನಿದೆ ಎಂದು ಕೇಳುವ ಕಣ್ಣನ್ನು ನಾವೂ ಕಂಡಿದ್ದೇವೆ, ಜೂಜುಕಟ್ಟೆಯ ಹೊರಗೂ ಕಂಡಿದ್ದೇವೆ.

ಅಮರಕೋಶದ ಕಾಲಕ್ಕೆ ಅರ್ಥದ ಇಳಿತ ಪೂರ್ಣವಾಗಿತ್ತು. ಅಲ್ಲಿ ಜೂಜುಗಾರನ ಪರ್ಯಾಯ ಪದಗಳಲ್ಲಿ ಕಿತವನ ಜೊತೆಗೆ 'ಧೂರ್ತ'ನೂ ಇದ್ದಾನೆ. ಇಂದು ಯಾರನ್ನಾದರೂ ಧೂರ್ತನೆಂದು ಬೈಯುವಾಗ ನಮಗೆ ದಾಳ ನೆನಪಾಗುವುದಿಲ್ಲ; ಆದರೆ ಆ ಬೈಗುಳದ ಒಳಗೆ ಒಂದು ದಾಳ ಅಡಗಿಯೇ ಇದೆ. ಇನ್ನೂ ವಿಸ್ಮಯದ ಸಂಗತಿಯೆಂದರೆ ಅದೇ ಕೋಶ ದತ್ತೂರದ ಗಿಡಕ್ಕೂ ಕಿತವ, ಧೂರ್ತ ಎಂಬ ಹೆಸರುಗಳನ್ನು ಕೊಡುತ್ತದೆ. ಬೇಲಿಯ ಬದಿಯಲ್ಲಿ ತುತ್ತೂರಿಯಂಥ ಬಿಳಿ ಹೂ ಬಿಟ್ಟು ನಿಲ್ಲುವ ಆ ಗಿಡದ ಬೀಜ ಬುದ್ಧಿಯನ್ನು ಕೆಡಿಸುತ್ತದೆಂಬುದು ಹಳ್ಳಿಯವರೆಲ್ಲರಿಗೂ ಗೊತ್ತು.

ಕೈತವದ ಮಾತು ಬಂದಾಗ ಶಕುನಿಯನ್ನು ಬಿಟ್ಟು ಮುಂದೆ ಹೋಗಲಾಗದು. ನಮ್ಮ ಬಯಲಾಟ, ನಾಟಕಗಳಲ್ಲಿ ಅವನ ದಾಳ ತಂದೆಯ ಎಲುಬಿನಿಂದಾದದ್ದು, ಹೇಳಿದಂತೆ ಕೇಳುವಂಥದ್ದು. ವ್ಯಾಸರ ಸಭಾಪರ್ವದಲ್ಲಿ ಅಂಥ ಮಾಯೆಯ ದಾಳದ ವಿವರಣೆ ಇಲ್ಲ. ಪ್ರತಿ ಬಾರಿ ಶಕುನಿ ವಂಚನೆಯನ್ನು ಆಶ್ರಯಿಸಿ ಗೆದ್ದೆನೆಂದ ಎಂಬಷ್ಟೇ ಮಾತು ಮತ್ತೆ ಮತ್ತೆ ಬರುತ್ತದೆ. ವಂಚನೆ ಹೇಗೆ ನಡೆಯಿತೆಂಬುದನ್ನು ಕವಿ ಬಿಡಿಸಿ ಹೇಳುವುದಿಲ್ಲ. ಆಟಕ್ಕೆ ಮುನ್ನ ನಡೆಯುವ ಸಂಭಾಷಣೆ ಮಾತ್ರ ನೀತಿಶಾಸ್ತ್ರದ ವಿದ್ಯಾರ್ಥಿಗಳು ಮರೆಯಬಾರದಂಥದು. ವಂಚನೆಯ ಜೂಜು ಪಾಪ, ಅದರಲ್ಲಿ ಕ್ಷತ್ರಿಯ ಪರಾಕ್ರಮವೇನೂ ಇಲ್ಲವೆಂದು ಯುಧಿಷ್ಠಿರ ಆಕ್ಷೇಪಿಸುತ್ತಾನೆ. ಶಕುನಿಯ ಉತ್ತರ ನಯವಾದುದು: ಓದಿದವನು ಓದದವನನ್ನು ಮೀರಿಸುವುದೂ, ತಿಳಿದವನು ತಿಳಿಯದವನನ್ನು ಗೆಲ್ಲುವುದೂ ಒಂದು ಬಗೆಯ ವಂಚನೆಯೇ ಅಲ್ಲವೆ? ಜನ ಅದನ್ನು ವಂಚನೆಯೆನ್ನುವುದಿಲ್ಲವಲ್ಲ? ಹೆದರಿಕೆಯಾದರೆ ಆಟ ಬೇಡ, ಹಿಂದಿರುಗು. ಯುಧಿಷ್ಠಿರನಿಗೆ ಈ ವಾದವನ್ನು ಖಂಡಿಸಲಾಗುವುದಿಲ್ಲ. ಕರೆದರೆ ಹಿಂಜರಿಯುವುದಿಲ್ಲವೆಂಬುದು ತನ್ನ ವ್ರತವೆಂದು ಹೇಳಿ ಕುಳಿತುಬಿಡುತ್ತಾನೆ.

ಶಕುನಿಯ ವಾದಕ್ಕೆ ಉತ್ತರವಿಲ್ಲವೆ? ಇದೆ, ಆದರೆ ಅದಕ್ಕೆ ಮೊದಲು ಇನ್ನೊಂದು ಭಾಷೆಯ ಪದವನ್ನು ನೋಡುವುದು ಸಹಾಯಕವಾದೀತು. 16ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜೂಜುಕೋರರ ಗುಪ್ತಭಾಷೆಯಿಂದ 'ಕಾಗ್' ಎಂಬ ಕ್ರಿಯಾಪದ ಹೊರಬಂತು. ದಾಳದಲ್ಲಿ ಮೋಸ ಮಾಡು ಎಂದು ಅದರ ಅರ್ಥ. ಹುಟ್ಟು ಇಂದಿಗೂ ನಿಗೂಢ. ಷೇಕ್ಸ್‌ಪಿಯರನ ನಾಟಕಗಳಲ್ಲಿ ಅದು ಹಲವೆಡೆ ಬರುತ್ತದೆ, ಮತ್ತು ಅಷ್ಟು ಹೊತ್ತಿಗೇ ಮುಖಸ್ತುತಿಯಿಂದ ಮರುಳುಮಾಡು ಎಂಬ ಅರ್ಥವೂ ಅದಕ್ಕೆ ಅಂಟಿಕೊಂಡಿತ್ತು. ನಂತರದ ಕಾಲದವರು ಒಳಗೆ ಸೀಸ ತುಂಬಿ ತೂಕ ಕೆಡಿಸಿದ ದಾಳವನ್ನು 'ಕಾಗ್' ಮಾಡಿದ ದಾಳವೆಂದು ಭಾವಿಸಿದರು. ಆದರೆ ಪದದ ಹಳೆಯ ಬಳಕೆ ಅದಲ್ಲವೆಂದು ನಿಘಂಟುಕಾರರು ತೋರಿಸಿದ್ದಾರೆ. ಕಳ್ಳದಾಳಗಳಿಗೆ ಅಂದು ಬೇರೆ ಬೇರೆ ಹೆಸರುಗಳೇ ಇದ್ದವು. 'ಕಾಗ್' ಮಾಡುವುದೆಂದರೆ ಉರುಳಿಸುವ ಕ್ಷಣದಲ್ಲಿ ಬೆರಳಿನ ಯುಕ್ತಿಯಿಂದ ದಾಳ ಬೀಳುವ ಬಗೆಯನ್ನು ನಿಯಂತ್ರಿಸುವುದು. ದಾಳವನ್ನು ಕೈಗೆತ್ತಿಕೊಂಡು ತೂಗಿ ನೋಡಿ, ನೀರಿನಲ್ಲಿ ತೇಲಿಸಿ ನೋಡಿ, ಒಡೆದೇ ನೋಡಿ, ಏನೂ ಸಿಗದು.

ಈ ಅಪಾಯವನ್ನು ರೋಮನ್ನರು ಮೊದಲೇ ಅರಿತಿದ್ದರು. ಜರ್ಮನಿಯ ಫ್ರಾಯಿಟ್ಸ್‌ಹೈಮ್ ಎಂಬಲ್ಲಿ 1985ರಲ್ಲಿ 4ನೆಯ ಶತಮಾನದ ಲೋಹದ ಪುಟ್ಟ ಗೋಪುರವೊಂದು ದೊರಕಿತು. ಮೇಲಿನಿಂದ ಹಾಕಿದ ದಾಳ ಒಳಗಿನ ತಡೆಗಳಿಗೆ ತಾಗುತ್ತ ಬಂದು ಕೆಳಗಿನ ಮೆಟ್ಟಿಲುಗಳ ಮೇಲೆ ಉರುಳಿ ನಿಲ್ಲುವಂತೆ ಅದನ್ನು ಮಾಡಲಾಗಿದೆ. ಶತ್ರುಗಳು ಸೋತರು, ಇನ್ನು ನಿಶ್ಚಿಂತೆಯಿಂದ ಆಡಿ ಎಂಬರ್ಥದ ಲತೀನ್ ಬರಹ ಅದರ ಮೇಲಿದೆ. ಗೋಪುರದ ಕೆಲಸ ದಾಳವನ್ನು ಪರೀಕ್ಷಿಸುವುದಲ್ಲ. ದಾಳಕ್ಕೂ ಕೈಗೂ ನಡುವಿನ ಸಂಬಂಧವನ್ನು ಕಡಿಯುವುದು.

ಈಗ ಶಕುನಿಯ ಪ್ರಶ್ನೆಗೆ ಮರಳಬಹುದು. ಬಲ್ಲವನು ಅರಿಯದವನನ್ನು ಗೆದ್ದರೆ ಅದೇಕೆ ವಂಚನೆಯಲ್ಲ? ಕುಸ್ತಿಯ ಅಖಾಡಕ್ಕೆ ಇಳಿದವನಿಗೆ ಎದುರಾಳಿ ತನಗಿಂತ ಬಲಶಾಲಿಯಾಗಿರಬಹುದೆಂದು ಗೊತ್ತಿರುತ್ತದೆ. ಅವನು ಒಪ್ಪಿ ಇಳಿದದ್ದು ಬಲದ ಪರೀಕ್ಷೆಗೇ. ಆದರೆ ದಾಳದ ಹಾಸಿನ ಮುಂದೆ ಕುಳಿತವನು ಒಪ್ಪಿಕೊಂಡದ್ದು ಇಬ್ಬರ ಕೈಗೂ ಮೀರಿದ ಒಂದು ಫಲಿತಾಂಶಕ್ಕೆ. ಅವನನ್ನು ಒಂದು ಆಟಕ್ಕೆ ಕರೆದು, ಅವನಿಗೆ ತಿಳಿಯದಂತೆ ಇನ್ನೊಂದು ಆಟವನ್ನು ಆಡಲಾಗುತ್ತಿದೆ. ಹಣ ಹೋದದ್ದು ಆಮೇಲಿನ ನಷ್ಟ. ಮೊದಲು ಕಳುವಾದದ್ದು ಅವನ ಒಪ್ಪಿಗೆ. ಕೈತವದ ಕೇಂದ್ರ ಇಲ್ಲಿಯೇ ಇದೆಯೆಂದು ನಾನು ತಿಳಿಯುತ್ತೇನೆ. ಅದಕ್ಕೆ ಸುಳ್ಳು ಮಾತು ಬೇಕಿಲ್ಲ, ಸುಳ್ಳು ದಾಳವೂ ಬೇಕಿಲ್ಲ.

ಇಷ್ಟನ್ನು ಒಪ್ಪಿದರೆ ನಮ್ಮ ಒಂದು ಪ್ರಿಯವಾದ ಸಮರ್ಥನೆ ಕುಸಿಯುತ್ತದೆ. ನಾನು ಸುಳ್ಳು ಹೇಳಲಿಲ್ಲವಲ್ಲ, ಅವರು ಕೇಳಲಿಲ್ಲ, ನಾನು ಹೇಳಲಿಲ್ಲ, ಅಷ್ಟೆ! ಈ ಮಾತನ್ನು ಕುರಿತು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ಸಿಸೆರೋ ತನ್ನ ಕರ್ತವ್ಯಗಳ ಕುರಿತ ಗ್ರಂಥದಲ್ಲಿ ಒಂದು ಸಮಸ್ಯೆಯನ್ನು ಮುಂದಿಟ್ಟಿದ್ದಾನೆ. ರೋಡ್ಸ್ ದ್ವೀಪದಲ್ಲಿ ಬರ ಬಿದ್ದಿದೆ; ಅಲೆಕ್ಸಾಂಡ್ರಿಯದಿಂದ ಒಬ್ಬ ವರ್ತಕ ಧಾನ್ಯ ತುಂಬಿದ ಹಡಗಿನೊಡನೆ ಬಂದಿದ್ದಾನೆ. ಹಿಂದೆಯೇ ಇನ್ನೂ ಹಲವು ಧಾನ್ಯದ ಹಡಗುಗಳು ಬರುತ್ತಿರುವುದನ್ನು ಅವನು ದಾರಿಯಲ್ಲಿ ಕಂಡಿದ್ದಾನೆ. ಅದನ್ನು ಹೇಳಬೇಕೆ, ಬಾಯಿ ಮುಚ್ಚಿಕೊಂಡು ಹೆಚ್ಚಿನ ಬೆಲೆಗೆ ಮಾರಬಹುದೆ? ಹೇಳದಿರುವುದು ಬೇರೆ, ಮರೆಮಾಚುವುದು ಬೇರೆಯೆಂದು ಸ್ತೋಯಿಕ ತತ್ವಜ್ಞಾನಿ ದಿಯೋಗೆನೆಸ್ ವರ್ತಕನ ಪರ ನಿಲ್ಲುತ್ತಾನೆ. ಅವನ ಶಿಷ್ಯ ಅಂತಿಪಾತರ್ ಒಪ್ಪುವುದಿಲ್ಲ. ಸಿಸೆರೋ ಶಿಷ್ಯನ ಪಕ್ಷ. ನಮ್ಮ ಸಂತ ತೋಮಸ್ ಅಕ್ವಿನಾಸರು ಇದೇ ಪ್ರಶ್ನೆಯನ್ನೆತ್ತಿಕೊಂಡು ಹೆಚ್ಚು ಸಂಯಮದ ಉತ್ತರ ಕೊಡುತ್ತಾರೆ: ಮುಂದೆ ಬೆಲೆ ಇಳಿಯಬಹುದೆಂಬುದನ್ನು ಹೇಳಲು ವರ್ತಕನು ನ್ಯಾಯದ ದೃಷ್ಟಿಯಿಂದ ಬದ್ಧನಲ್ಲ, ಹೇಳಿದರೆ ಹೆಚ್ಚಿನ ಸದ್ಗುಣ. ಆದರೆ ಮಾರುವ ವಸ್ತುವಿನಲ್ಲಿಯೇ ದೋಷವಿದ್ದರೆ? ಕುದುರೆಗೆ ಒಂದೇ ಕಣ್ಣಿರುವುದು ಎಲ್ಲರಿಗೂ ಕಾಣುತ್ತದೆ, ತಕ್ಕ ಬೆಲೆಗೆ ಮಾರುವವನು ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕಾಣದ ದೋಷದಿಂದ ಕೊಳ್ಳುವವನಿಗೆ ಹಾನಿ ಅಥವಾ ಅಪಾಯವಾಗುವಂತಿದ್ದರೆ ಹೇಳಲೇಬೇಕು. ತೋಮಸರ ಒಂಟಿಕಣ್ಣಿನ ಕುದುರೆಯನ್ನು ನಮ್ಮೂರಿನ ಸೈಟು, ಸೆಕೆಂಡ್‌ಹ್ಯಾಂಡ್ ವಾಹನ, ಹಾಲು ಕರೆಯುವ ಹಸು ಯಾವುದಕ್ಕೆ ಬೇಕಾದರೂ ಹೋಲಿಸಿ ನೋಡಬಹುದು.

ಧರ್ಮಸಭೆಯ ಒಳಗೂ ಈ ಕುರಿತು ಜಾಣತನಗಳು ಹುಟ್ಟದೆ ಇರಲಿಲ್ಲ. ಬಾಯಿಯಲ್ಲಿ ಅರ್ಧ ವಾಕ್ಯ ಹೇಳಿ ಉಳಿದರ್ಧವನ್ನು ಮನಸ್ಸಿನಲ್ಲಿಯೇ ಪೂರೈಸಿಕೊಂಡರೆ ಸುಳ್ಳಾಗುವುದಿಲ್ಲವೆಂದು ವಾದಿಸಿದ ನೀತಿಪಂಡಿತರು 16, 17ನೆಯ ಶತಮಾನಗಳಲ್ಲಿದ್ದರು. 1679ರಲ್ಲಿ ಪೋಪ್ ಹನ್ನೊಂದನೆಯ ಇನ್ನೋಸೆಂಟರು ಆ ವಾದವನ್ನು ಇತರ ಹಲವು ಸಡಿಲ ಅಭಿಪ್ರಾಯಗಳೊಡನೆ ಖಂಡಿಸಿದರು. ಎಲ್ಲವನ್ನೂ ಎಲ್ಲರಿಗೂ ಹೇಳಬೇಕೆಂದು ಇದರ ಅರ್ಥವಲ್ಲ. ಪಾಪನಿವೇದನೆಯ ಗುಟ್ಟನ್ನು ಕಾಯುವ ಗುರು, ರೋಗಿಯ ವಿವರವನ್ನು ಕಾಯುವ ವೈದ್ಯ, ನೆರೆಯವರ ಮಾನವನ್ನು ಕಾಯುವ ಗೃಹಿಣಿ ಯಾರೂ ಕೈತವದವರಲ್ಲ. ಅವರ ಮೌನದಿಂದ ಯಾರ ಒಪ್ಪಿಗೆಯೂ ಕಳುವಾಗುವುದಿಲ್ಲ.

ಕೌಶಲದ ಹೆಸರಿನಲ್ಲಿ ಶಕುನಿ ಮಂಡಿಸಿದ ವಾದ ನಮ್ಮ ಕಾಲದಲ್ಲಿ ಮೊಬೈಲಿನೊಳಗೆ ಮರುಹುಟ್ಟು ಪಡೆಯಿತು. ರಮ್ಮಿಯಂಥ ಆಟ ಅದೃಷ್ಟದ್ದಲ್ಲ, ಮುಖ್ಯವಾಗಿ ಕೌಶಲದ್ದು ಎಂಬ ನ್ಯಾಯಾಲಯದ ಹಳೆಯ ವ್ಯಾಖ್ಯಾನದ ನೆರಳಿನಲ್ಲಿ ಹಣದ ಆನ್‌ಲೈನ್ ಆಟಗಳು ಬೆಳೆದವು. ಕರ್ನಾಟಕ ಸರ್ಕಾರ 2021ರಲ್ಲಿ ತಂದ ನಿಷೇಧದ ಮುಖ್ಯ ಅಂಶಗಳನ್ನು ರಾಜ್ಯದ ಉಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. ಬಳಿಕ 2025ರ ಆಗಸ್ಟ್‌ನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬದಿಗಿಟ್ಟು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಕಾಯ್ದೆಯ ಒಳಿತು ಕೆಡುಕನ್ನು ಬಲ್ಲವರು ಚರ್ಚಿಸಲಿ. ರಾತ್ರಿ ಎರಡು ಗಂಟೆಗೆ ಪರದೆಯ ಮುಂದೆ ಕುಳಿತ ಹುಡುಗನಿಗೆ ಎದುರಿನ ಕೈ ಕಾಣುವುದಿಲ್ಲ ಎಂಬುದಂತೂ ನಿಜ.

ಆದರೆ ಧರ್ಮಕೇಂದ್ರದ ಗುರುವಾಗಿ ನನ್ನನ್ನು ಹೆಚ್ಚು ಕಾಡುವ ಕೈತವ ಮೊಬೈಲಿನದಲ್ಲ. ಅದು ನಮ್ಮ ಒಳ್ಳೆಯ ಮನೆಗಳಲ್ಲಿ, ಹಿರಿಯರ ಸಮ್ಮುಖದಲ್ಲಿ, ಕಾಫಿ ತಿಂಡಿಯ ನಡುವೆ ನಡೆಯುತ್ತದೆ. ಗಂಡು ಹೆಣ್ಣಿನ ಮಾತುಕತೆಯಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಹುಡುಗ ದುಬೈಯಲ್ಲಿದ್ದಾನೆ ಎನ್ನುತ್ತಾರೆ, ಅದು ನಿಜ. ಅಲ್ಲಿ ಕೆಲಸ ಹೋಗಿ ಎಂಟು ತಿಂಗಳಾಗಿದೆಯೆಂಬುದನ್ನು ಯಾರೂ ಕೇಳಿರುವುದಿಲ್ಲ. ಹುಡುಗಿಗೆ ಆಗಾಗ ತಲೆನೋವು ಬರುತ್ತದೆ ಎನ್ನುತ್ತಾರೆ, ಅದೂ ನಿಜ; ಎಷ್ಟು ವರ್ಷದಿಂದ ಯಾವ ವೈದ್ಯರ ಬಳಿ ಏನಕ್ಕೆ ಚಿಕಿತ್ಸೆಯೆಂಬುದು ಮಾತಿಗೆ ಬರುವುದಿಲ್ಲ. ಹುಡುಗ ಹಬ್ಬಕ್ಕೆ ಮಾತ್ರ ಕುಡಿಯುತ್ತಾನೆ. ಹಬ್ಬಗಳೆಷ್ಟು ಎಂಬುದನ್ನು ಬಿಟ್ಟಿರುತ್ತಾರೆ. ಒಂದೊಂದು ದಾಳವೂ ಪ್ರಾಮಾಣಿಕ. 'ಮದುವೆಯಾದ ಮೇಲೆ ಎಲ್ಲ ಸರಿಹೋಗುತ್ತದೆ ಫಾದರ್, ನಾವು ಸುಳ್ಳೇನೂ ಹೇಳಲಿಲ್ಲವಲ್ಲ' ಎಂಬ ಮಾತನ್ನು ಗುರುಗಳಾದ ನಾವು ಕೇಳಬೇಕಾಗುತ್ತದೆ. ಹೆತ್ತವರ ಆತಂಕ ನನಗೆ ಅರ್ಥವಾಗದೆ ಇಲ್ಲ. ಮಗಳ ಕಾಯಿಲೆಯನ್ನು ಬಾಯಿಬಿಟ್ಟು ಹೇಳಿದರೆ ಯಾವ ಮನೆಯವರು ಬಂದಾರು ಎಂಬ ತಾಯಿಯ ಕಣ್ಣೀರಿಗೆ ಸುಲಭದ ಸಮಾಧಾನ ನನ್ನಲ್ಲಿಲ್ಲ. ಮೌನವನ್ನು ಒಪ್ಪಲು ಮಾತ್ರ ನನ್ನಿಂದಾಗದು, ಏಕೆಂದರೆ ಕಥೋಲಿಕರಾದ ನಮಗೆ ವಿವಾಹವನ್ನು ಉಂಟುಮಾಡುವುದೇ ಇಬ್ಬರ ಒಪ್ಪಿಗೆ.

ಈ ವಿಷಯದಲ್ಲಿ ಧರ್ಮಸಭೆಯ ಕಾನೂನು ಎಷ್ಟು ನಿಷ್ಠುರವಾಗಿದೆಯೆಂಬುದು ನಮ್ಮ ಬಹಳ ಕುಟುಂಬಗಳಿಗೆ ತಿಳಿದಿಲ್ಲ. 1983ರ ಸಂಹಿತೆಯ 1098ನೆಯ ನಿಯಮದ ಪ್ರಕಾರ, ದಾಂಪತ್ಯವನ್ನು ಸ್ವಭಾವತಃ ತೀವ್ರವಾಗಿ ಕದಡಬಲ್ಲ ಒಂದು ಸಂಗತಿಯ ಬಗ್ಗೆ, ಒಪ್ಪಿಗೆ ಪಡೆಯುವ ಸಲುವಾಗಿಯೇ ವಂಚಿಸಲ್ಪಟ್ಟವರ ವಿವಾಹ ಅಸಿಂಧು. ವಂಚಿಸಿದ್ದು ವರನೇ ವಧುವೇ ಆಗಬೇಕಿಲ್ಲ. 1917ರ ಹಳೆಯ ಸಂಹಿತೆಯಲ್ಲಿ ಈ ನಿಯಮವಿರಲಿಲ್ಲ. ಸಂತಾನಹೀನತೆಯಿಂದ ವಿವಾಹ ಅಸಿಂಧುವಾಗುವುದಿಲ್ಲವೆಂದು ಸಾರುವ 1084ನೆಯ ನಿಯಮ ಕೂಡ, ಅದನ್ನು ಮೋಸದಿಂದ ಬಚ್ಚಿಟ್ಟಿದ್ದರೆ ಮಾತು ಬೇರೆಯೆಂದು ಈ ನಿಯಮದ ಕಡೆಗೆ ಬೆರಳು ತೋರುತ್ತದೆ. ಪ್ರತಿಯೊಂದು ಪ್ರಕರಣವನ್ನೂ ಧರ್ಮಸಭೆಯ ನ್ಯಾಯಮಂಡಳಿ ಪ್ರತ್ಯೇಕವಾಗಿ ವಿಚಾರಿಸಿಯೇ ತೀರ್ಮಾನಿಸಬೇಕು. ಅಲ್ಲಿಯವರೆಗೆ ಹೋಗುವ ದಾರಿಯಲ್ಲಿ ಎರಡು ಮನೆಗಳು, ಒಮ್ಮೊಮ್ಮೆ ಒಂದು ಕೂಸು, ಸವೆದಿರುತ್ತವೆ.

ಪೌಲರು ಕುಬೆಯಾದ ಮುಂದಿನ ವಚನದಲ್ಲಿಯೇ ಅದಕ್ಕೆ ಎದುರಾದ ಇನ್ನೊಂದು ಪದವನ್ನು ಇಡುತ್ತಾರೆ. ಪ್ರೀತಿಯಲ್ಲಿ ಸತ್ಯವನ್ನು ನುಡಿಯುವುದೆಂದು ನಾವು ಸಾಮಾನ್ಯವಾಗಿ ಅನುವಾದಿಸುವ ಆ ಗ್ರೀಕ್ ಕ್ರಿಯಾಪದದಲ್ಲಿ ಸತ್ಯ ಎಂಬ ನಾಮಪದವೇ ಕ್ರಿಯೆಯಾಗಿದೆ. ನುಡಿಯುವುದಷ್ಟೇ ಅಲ್ಲದೆ ನಡೆಯುವುದೂ, ಇರುವುದೂ ಅದರಲ್ಲಿ ಸೇರಿದೆ. ಹುಡುಗನ ಕಡೆಯವರಿಗೆ ಕಾಯಿಲೆಯ ವಿಷಯವನ್ನು ಒರಟಾಗಿ ಎತ್ತಿ ಎಸೆಯಬೇಕೆಂದು ಅದು ಹೇಳುವುದಿಲ್ಲ. ಯಾರಿಗೆ, ಯಾವಾಗ, ಯಾರ ಮುಂದೆ ಎಂಬ ವಿವೇಕಕ್ಕೆ ಅಲ್ಲಿ ಜಾಗವಿದೆ. ನಿಶ್ಚಿತಾರ್ಥಕ್ಕೆ ಮುನ್ನ ಹುಡುಗ ಹುಡುಗಿ ಇಬ್ಬರೇ ಕುಳಿತು ಮಾತನಾಡಲು ಅವಕಾಶ ಕೊಡುವ ಕುಟುಂಬಗಳಲ್ಲಿ ಇಂಥ ಮಾತು ಬಂದು ಸಂಬಂಧ ಮುರಿದದ್ದನ್ನು ಕಂಡಿದ್ದೇನೆ. ಮುರಿಯದೆ ಗಟ್ಟಿಯಾದದ್ದನ್ನೂ ಕಂಡಿದ್ದೇನೆ.

ದಾಳಕ್ಕೆ ರೋಮನ್ನರು ಗೋಪುರ ಕಟ್ಟಿದಂತೆ ವಿವಾಹಕ್ಕೂ ಧರ್ಮಸಭೆ ಒಂದು ಗೋಪುರ ಕಟ್ಟಿತು. ಗುಟ್ಟಿನ ಮದುವೆಗಳನ್ನು ತಡೆಯಲು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿವಾಹ ಪ್ರಕಟಣೆಯನ್ನು ಇಡೀ ಧರ್ಮಸಭೆಗೆ ವಿಧಿಸಿತು. 1563ರಲ್ಲಿ ಟ್ರೆಂಟ್ ಮಹಾಸಭೆ ಮೂರು ಬಾರಿ ಪ್ರಕಟಿಸಬೇಕೆಂದು ಕ್ರಮಗೊಳಿಸಿತು. ವಿವಾಹಕ್ಕೆ ಅಡ್ಡಿಯಾಗುವ ಸಂಗತಿ ತಿಳಿದಿದ್ದರೆ ಗುರುಗಳಿಗೆ ತಿಳಿಸುವುದು ಎಲ್ಲ ವಿಶ್ವಾಸಿಗಳ ಕರ್ತವ್ಯವೆಂದು ಇಂದಿನ ಸಂಹಿತೆಯ 1069ನೆಯ ನಿಯಮವೂ ಹೇಳುತ್ತದೆ. ನಮ್ಮ ದೇವಾಲಯಗಳಲ್ಲಿ ಭಾನುವಾರದ ಬಲಿಪೂಜೆಯ ಕೊನೆಗೆ ಇಂಥವರ ಮಗನಿಗೂ ಇಂಥವರ ಮಗಳಿಗೂ ಎಂದು ಮೊದಲನೆಯ, ಎರಡನೆಯ, ಮೂರನೆಯ ಪ್ರಕಟಣೆಯನ್ನು ಓದುತ್ತೇವೆ. ಆ ಹೊತ್ತಿಗೆ ಹಿಂದಿನ ಸಾಲಿನವರು ಬಾಗಿಲ ಬಳಿ ತಲುಪಿ ಚಪ್ಪಲಿ ಹುಡುಕುತ್ತಿರುತ್ತಾರೆ.